ಟೊಮೇಟೊ ಗಿಡ ಬಾಡುವುದೇಕೆ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಸೇರಿದ ಆಂಡರ್ಸನ್‌ಪೇಟೆಯಲ್ಲಿ ಒಂದು ಮನೆ. ಆ ಮನೆಯ ಹಿತ್ತಲಲ್ಲಿ ಎಂಟು ಟೊಮೇಟೊ ಗಿಡಗಳು ಇವೆಯೆಂದು ಭಾವಿಸೋಣ. ಬೆಳಿಗ್ಗೆ ನೆಟ್ಟಗೆ ನಿಂತಿದ್ದ ಗಿಡಗಳು ಎರಡು ಗಂಟೆಯ ಹೊತ್ತಿಗೆ ಎಲೆಗಳನ್ನು ಜೋಲುಬಿಟ್ಟಿವೆ. ಮನೆಯವರು ಕನಿಕರಪಟ್ಟು ಒಂದೊಂದರ ಬುಡಕ್ಕೂ ಒಂದೊಂದು ಚೊಂಬು ನೀರು ಹಾಕುತ್ತಾರೆ. ಸಂಜೆಯಾಗುತ್ತಲೇ ಗಿಡಗಳು ತಲೆಯೆತ್ತುತ್ತವೆ. ‘ನೀರು ಹಾಕಿದೆವು, ಗಿಡ ಚೇತರಿಸಿಕೊಂಡಿತು’ ಎಂದು ಮನೆಯವರು ತೃಪ್ತಿಪಡುತ್ತಾರೆ.

ಒಂದು ವಾರ ಕಳೆಯುತ್ತದೆ. ಎಂಟರಲ್ಲಿ ಒಂದು ಗಿಡ ಮತ್ತೆ ಬಾಡುತ್ತದೆ. ಹಿಂದಿನ ಅನುಭವದಿಂದ ಒಂದು ಚೊಂಬು ನೀರು ಹಾಕುತ್ತಾರೆ. ಸಾಲದೆಂದು ಮರುದಿನ ಎರಡು ಚೊಂಬು ಹಾಕುತ್ತಾರೆ. ನಾಲ್ಕನೆಯ ದಿನ ಆ ಗಿಡ ಸತ್ತಿರುತ್ತದೆ. ಅದರ ಪಕ್ಕದ ಗಿಡ ಬಾಡತೊಡಗಿರುತ್ತದೆ.

ಎರಡು ಸಲವೂ ನೋಟ ಒಂದೇ, ಮಾಡಿದ ಚಿಕಿತ್ಸೆಯೂ ಒಂದೇ. ಆದರೆ ಫಲ ಮಾತ್ರ ಬೇರೆ. ಇದಕ್ಕೆ ಕಾರಣವೇನು? ಬಾಡುವಿಕೆ ಒಂದು ರೋಗವಲ್ಲ, ಅದೊಂದು ಲಕ್ಷಣ. ಮನುಷ್ಯನಿಗೆ ಜ್ವರ ಬರುವುದಕ್ಕೆ ಹಲವು ಕಾರಣಗಳಿರುವಂತೆ ಗಿಡ ಬಾಡುವುದಕ್ಕೂ ಹಲವು ಕಾರಣಗಳುಂಟು. ಅವುಗಳಲ್ಲಿ ಕೆಲವಕ್ಕೆ ನೀರು ಔಷಧ, ಕೆಲವಕ್ಕೆ ನೀರೇ ವಿಷ. ಶಾಶ್ವತವಾಗಿ ಹರಿಯುವ ಒಂದು ನದಿಯೂ ಇಲ್ಲದ, ವರ್ಷಕ್ಕೆ ಸುಮಾರು ೭೫ ಸೆಂಟಿಮೀಟರು ಮಾತ್ರ ಮಳೆ ಬೀಳುವ, ನೀರಿಗಾಗಿ ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿ ಕೊರೆಯುವ ಕೋಲಾರ ಜಿಲ್ಲೆಯಲ್ಲಿ ಒಂದು ಚೊಂಬು ನೀರನ್ನು ತಪ್ಪು ಗಿಡಕ್ಕೆ ಹಾಕುವುದು ಸಣ್ಣ ನಷ್ಟವಲ್ಲ. ಆದಕಾರಣ ಕಾರಣವನ್ನು ಕಂಡುಹಿಡಿಯುವ ಕ್ರಮವನ್ನು ತಿಳಿಯುವುದು ಅವಶ್ಯಕ. ಅದಕ್ಕೆ ಬೇಕಾದ ಸಲಕರಣೆಗಳು ಒಂದು ಚಾಕು, ಒಂದು ಗಾಜಿನ ಲೋಟ ಮತ್ತು ನಮ್ಮ ಕಣ್ಣು, ಇಷ್ಟೇ.

ಎಲೆ ನೆಟ್ಟಗೆ ನಿಲ್ಲುವ ಬಗೆ

ಟೊಮೇಟೊ ಗಿಡದ ಎಲೆಯಲ್ಲಿ ಮರದ ಕೊಂಬೆಯಲ್ಲಿರುವಂತಹ ಗಟ್ಟಿಯಾದ ಕಟ್ಟಿಗೆಯಿಲ್ಲ. ಅದು ನೆಟ್ಟಗೆ ನಿಲ್ಲುವುದು ನೀರಿನ ಬಲದಿಂದ. ಪ್ರತಿಯೊಂದು ಜೀವಕೋಶವೂ ನೀರನ್ನು ಹೀರಿ ಉಬ್ಬಿ ತನ್ನ ಗೋಡೆಯನ್ನು ಒಳಗಿನಿಂದ ಒತ್ತುತ್ತದೆ. ಗಾಳಿ ತುಂಬಿದ ಸೈಕಲ್ಲಿನ ಟ್ಯೂಬು ಬಿಗಿಯಾಗಿರುವಂತೆ ನೀರು ತುಂಬಿದ ಎಲೆಯೂ ಬಿಗಿಯಾಗಿರುತ್ತದೆ. ನೀರು ಕಡಮೆಯಾದಾಗ ಒತ್ತಡ ಇಳಿಯುತ್ತದೆ, ಎಲೆ ಜೋಲುತ್ತದೆ.

ಈ ನೀರು ಎಲೆಯಲ್ಲಿ ನಿಂತಿರುವುದಿಲ್ಲ. ಎಲೆಯ ಮೇಲಿನ ಸೂಕ್ಷ್ಮವಾದ ಪತ್ರರಂಧ್ರಗಳ ಮೂಲಕ ಅದು ಆವಿಯಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುಂಡದಲ್ಲಿ ಬೆಳೆದ ಸೂರ್ಯಕಾಂತಿ ಗಿಡವನ್ನು ದಿನದಿನವೂ ತೂಗಿ ಅದು ಕಳೆದುಕೊಳ್ಳುವ ನೀರನ್ನು ಅಳೆದು, ಅದರ ವಿವರವನ್ನು ೧೭೨೭ರಲ್ಲಿ ಪ್ರಕಟಿಸಿದ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸೂರ್ಯಕಾಂತಿ ಮನುಷ್ಯನಿಗಿಂತ ೧೭ ಪಾಲು ಹೆಚ್ಚು ಬೆವರುತ್ತದೆಂದು ಅವನು ಲೆಕ್ಕ ಹಾಕಿದ.

ಹೊರಗೆ ಹೋದ ನೀರಿಗೆ ಬದಲಾಗಿ ಬೇರಿನಿಂದ ಹೊಸ ನೀರು ಮೇಲೇರಬೇಕು. ಅದು ಏರುವುದು ಹೇಗೆಂಬುದು ಬಹುಕಾಲ ವಿವಾದದ ವಿಷಯವಾಗಿತ್ತು. ನಮ್ಮ ದೇಶದ ಜಗದೀಶಚಂದ್ರ ಬೋಸರು ೧೯೨೩ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಜೀವಂತ ಕೋಶಗಳ ಮಿಡಿತವೇ ನೀರನ್ನು ಮೇಲಕ್ಕೆ ತಳ್ಳುತ್ತದೆಂದು ವಾದಿಸಿದರು. ಆದರೆ ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು ೧೮೯೪ರಲ್ಲಿ ಮುಂದಿಟ್ಟಿದ್ದ ವಿವರಣೆಯೇ ಇಂದು ಸರ್ವಸಮ್ಮತವಾಗಿದೆ. ಅದರಂತೆ, ಎಲೆಯಿಂದ ಆವಿಯಾಗುವ ನೀರು ತನ್ನ ಹಿಂದಿರುವ ನೀರನ್ನು ಎಳೆದುಕೊಳ್ಳುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಈ ಎಳೆತ ಬೇರಿನವರೆಗೂ ಮುಟ್ಟುತ್ತದೆ. ನೀರು ಸಾಗುವ ನಾಳಗಳಾದರೋ ಜೀವವಿಲ್ಲದ ಬರಿಯ ಕೊಳವೆಗಳು.

ಹೀಗೆ ಗಿಡದಲ್ಲಿ ನೀರಿನ ದಾರಿಗೆ ನಾಲ್ಕು ಹಂತಗಳಾದುವು: ಮಣ್ಣು, ಬೇರು, ಕಾಂಡದ ನಾಳ ಮತ್ತು ಎಲೆ. ಈ ದಾರಿಯಲ್ಲಿ ಎಲ್ಲಿ ತಡೆ ಬಿದ್ದರೂ ಫಲ ಕಾಣಿಸಿಕೊಳ್ಳುವುದು ಕೊನೆಯ ಹಂತವಾದ ಎಲೆಯಲ್ಲಿ. ನಲ್ಲಿಯಲ್ಲಿ ನೀರು ಬಾರದಿದ್ದರೆ ತಪ್ಪು ನಲ್ಲಿಯದೇ ಎಂದು ಹೇಳಲಾಗದು. ಕೆರೆ ಬತ್ತಿರಬಹುದು, ಕೊಳವೆ ಕಟ್ಟಿಕೊಂಡಿರಬಹುದು. ಬೇತಮಂಗಲದ ಕೆರೆಯಿಂದ ನೀರು ಕುಡಿದು ಬೆಳೆದ ಗಣಿಯೂರುಗಳ ಜನರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಪ್ರಶ್ನೆ: ಯಾವ ಹೊತ್ತಿನಲ್ಲಿ ಬಾಡಿದೆ?

ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಕೆಲಸಮಾಡುತ್ತಿದ್ದ ಕಾರ್ಮಿಕರ ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಆ ಸೆಕೆಯಲ್ಲಿ ಅವರ ದೇಹವನ್ನು ತಂಪಾಗಿಡುತ್ತಿದ್ದುದು ಆ ಬೆವರೇ. ಗಿಡಕ್ಕೂ ಬಾಷ್ಪವಿಸರ್ಜನೆ ಇಂತಹುದೇ ಉಪಕಾರವನ್ನು ಮಾಡುತ್ತದೆ. ಆವಿಯಾಗುವ ನೀರು ಎಲೆಯ ಕಾವನ್ನು ಕೊಂಡೊಯ್ಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯ ಉಷ್ಣತೆ ೩೫ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದಾಗ ಎಲೆ ಬಿಡುವ ನೀರು ಬೇರು ಎಳೆಯುವ ನೀರಿಗಿಂತ ಹೆಚ್ಚಾಗುತ್ತದೆ. ಮಣ್ಣಿನಲ್ಲಿ ಸಾಕಷ್ಟು ತೇವವಿದ್ದರೂ ಆಗ ಎಲೆ ಜೋಲುತ್ತದೆ. ಜೋತ ಎಲೆಯ ಮೇಲೆ ನೇರವಾದ ಬಿಸಿಲು ಕಡಮೆ ಬೀಳುವುದರಿಂದ ಇದರಿಂದ ಗಿಡಕ್ಕೆ ಸ್ವಲ್ಪ ರಕ್ಷಣೆಯೂ ಉಂಟು. ಸಂಜೆ ಬಿಸಿಲಿಳಿದ ಮೇಲೆ ಬೇರು ತನ್ನ ಬಾಕಿಯನ್ನು ತೀರಿಸುತ್ತದೆ, ಎಲೆ ತಾನಾಗಿ ಏಳುತ್ತದೆ.

ನಮ್ಮ ಹಿತ್ತಲಿನ ಎಂಟು ಗಿಡಗಳು ಮೊದಲ ಸಲ ಚೇತರಿಸಿಕೊಂಡುದು ಬಹುಶಃ ಹೀಗೆಯೇ. ನೀರು ಹಾಕದಿದ್ದರೂ ಅವು ಏಳುತ್ತಿದ್ದುವು. ಒಂದರ ಬಳಿಕ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂಬ ತರ್ಕವನ್ನು ವಿದ್ಯಾರ್ಥಿಗಳು ಇಲ್ಲಿ ನೆನೆಯಬೇಕು.

ಆದುದರಿಂದ ಮಧ್ಯಾಹ್ನದ ನೋಟವನ್ನು ನಂಬಿ ತೀರ್ಮಾನಿಸಕೂಡದು. ಗಿಡವನ್ನು ಪರೀಕ್ಷಿಸಲು ತಕ್ಕ ಕಾಲ ಸೂರ್ಯೋದಯದ ವೇಳೆ. ಆಗ ಗಿಡ ನೆಟ್ಟಗಿದ್ದರೆ ಹೆಚ್ಚು ಭಯಪಡಬೇಕಾಗಿಲ್ಲ. ರಾತ್ರಿಯೆಲ್ಲ ಕಳೆದರೂ ಬೆಳಿಗ್ಗೆ ಬಾಡಿಯೇ ಇದ್ದರೆ ನೀರಿನ ದಾರಿಯಲ್ಲಿ ಎಲ್ಲಿಯೋ ತಡೆಯಿದೆಯೆಂದು ತಿಳಿದು ಎರಡನೆಯ ಪ್ರಶ್ನೆಗೆ ಹೋಗಬೇಕು.

ಎರಡನೆಯ ಪ್ರಶ್ನೆ: ಮಣ್ಣು ಹೇಗಿದೆ?

ಬುಡದಿಂದ ಒಂದು ಗೇಣು ದೂರದಲ್ಲಿ, ಬೆರಳುದ್ದ ಆಳಕ್ಕೆ ಮಣ್ಣನ್ನು ಕೆದಕಿ ಮುಟ್ಟಿ ನೋಡಿ. ಮೇಲ್ಮಣ್ಣಿನ ಬಣ್ಣವನ್ನು ನೋಡಿ ಹೇಳುವುದು ಸಾಲದು. ನಮ್ಮ ಕೆಂಪುಮಣ್ಣಿನ ಮೇಲ್ಭಾಗ ಒಣಗಿ ಬಿರುಕುಬಿಟ್ಟಿದ್ದರೂ ಒಳಗೆ ತೇವವಿರಬಹುದು, ಮೇಲೆ ಒದ್ದೆಯಾಗಿದ್ದರೂ ಒಳಗೆ ಪುಡಿಪುಡಿಯಾಗಿರಬಹುದು. ದಿನವೂ ಅರ್ಧ ಚೊಂಬು ನೀರು ಚಿಮುಕಿಸುವವರ ತೋಟದಲ್ಲಿ ಎರಡನೆಯ ಸ್ಥಿತಿಯೇ ಸಾಮಾನ್ಯ. ಅಂತಹ ಕಡೆ ಬೇರುಗಳು ಮೇಲೆಯೇ ಹರಡಿಕೊಂಡು ಬಿಸಿಲಿಗೆ ಬೇಯುತ್ತವೆ.

ಮಣ್ಣು ಒಣಗಿದ್ದರೆ ಉತ್ತರ ಸುಲಭ. ಮಣ್ಣಿನ ಕಣಗಳು ಕೊನೆಯ ಅಂಶದ ನೀರನ್ನು ಬಲವಾಗಿ ಹಿಡಿದುಕೊಳ್ಳುತ್ತವೆ. ಅದನ್ನು ಬೇರು ಕಿತ್ತುಕೊಳ್ಳಲಾರದು. ಗಿಡ ರಾತ್ರಿಯಲ್ಲಿಯೂ ಚೇತರಿಸಿಕೊಳ್ಳಲಾರದ ಈ ಎಲ್ಲೆಯನ್ನು ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಜ್ ಎಂಬುವರು ೧೯೧೨ರಲ್ಲಿ ಹಲವು ಬಗೆಯ ಮಣ್ಣುಗಳಲ್ಲಿ ಅಳೆದರು. ಇಂತಹ ಗಿಡಕ್ಕೆ ಬೆಳಗಿನ ಹೊತ್ತು ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು.

ಮಣ್ಣು ಕೆಸರಾಗಿದ್ದೂ ಗಿಡ ಬಾಡಿದ್ದರೆ? ಬೇರು ನೀರನ್ನು ಹೀರುವುದಕ್ಕೆ ಅದಕ್ಕೆ ಉಸಿರಾಟ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಗಾಳಿಗೆ ಎಡೆಯಿಲ್ಲ. ಉಸಿರುಕಟ್ಟಿದ ಬೇರು ನೀರಿನ ನಡುವೆಯೇ ಇದ್ದರೂ ನೀರನ್ನು ಹೀರಲಾರದು. ಇದನ್ನು ಗುರುತಿಸಲು ಟೊಮೇಟೊ ಗಿಡ ಒಂದು ವಿಶೇಷವಾದ ಕುರುಹನ್ನು ಕೊಡುತ್ತದೆ: ಎಲೆಯ ತೊಟ್ಟು ಕೆಳಕ್ಕೆ ಬಾಗಿರುತ್ತದೆ, ಆದರೆ ಎಲೆಯನ್ನು ಮುಟ್ಟಿದರೆ ಅದು ಸೊಪ್ಪಾಗದೆ ಇನ್ನೂ ಬಿಗಿಯಾಗಿಯೇ ಇರುತ್ತದೆ. ಉಸಿರುಕಟ್ಟಿದ ಬೇರಿನಿಂದ ಮೇಲೇರುವ ಒಂದು ವಸ್ತು ಎಲೆಯಲ್ಲಿ ಎಥಿಲೀನ್ ಅನಿಲವಾಗಿ ಮಾರ್ಪಟ್ಟು ತೊಟ್ಟನ್ನು ಬಾಗಿಸುತ್ತದೆ. ಈ ಗಿಡಕ್ಕೆ ಇನ್ನೂ ನೀರು ಹಾಕುವುದೆಂದರೆ ಮುಳುಗುತ್ತಿರುವವನಿಗೆ ಬಾಯಾರಿಕೆಯೆಂದು ನೀರು ಕುಡಿಸಿದಂತೆ. ತಳದಲ್ಲಿ ತೂತಿಲ್ಲದ ಡಬ್ಬಗಳಲ್ಲಿ ಗಿಡ ಬೆಳೆಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿದ್ದರೆ ಅದು ಲವಣದ ಗುರುತು. ಗಡಸುನೀರನ್ನು ದಿನವೂ ಹಾಕುತ್ತಿದ್ದರೆ ನೀರು ಆವಿಯಾಗಿ ಲವಣ ಉಳಿಯುತ್ತದೆ. ಗೊಬ್ಬರದ ಪುಡಿಯನ್ನು ಅತಿಯಾಗಿ ಸುರಿದಾಗಲೂ ಹೀಗಾಗುತ್ತದೆ. ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಸುಕ್ಕುಗಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅಭಿಸರಣದ ನಿಯಮದಂತೆ ನೀರು ಲವಣ ಹೆಚ್ಚಾಗಿರುವ ಕಡೆಗೇ ಸರಿಯುವುದರಿಂದ ಬೇರಿಗೆ ನೀರು ದೊರೆಯುವುದು ಕಷ್ಟವಾಗುತ್ತದೆ.

ಮೂರನೆಯ ಪ್ರಶ್ನೆ: ಕಾಂಡದೊಳಗೆ ಏನಿದೆ?

ಮಣ್ಣಿನಲ್ಲಿ ಹದವಾದ ತೇವವಿದ್ದೂ, ನೆರೆಯ ಗಿಡಗಳು ಚೆನ್ನಾಗಿದ್ದೂ, ಒಂದು ಗಿಡ ಮಾತ್ರ ಬೆಳಿಗ್ಗೆಯೂ ಬಾಡಿದ್ದರೆ ರೋಗದ ಶಂಕೆಗೆ ಕಾರಣವುಂಟು. ಮೊದಲು ನೆಲಕ್ಕೆ ತಾಗುವ ಬುಡವನ್ನು ನೋಡಿ. ಅಲ್ಲಿ ಬಿಳಿಯ ನೂಲಿನಂತಹ ಬೂಷ್ಟೂ ಸಾಸಿವೆ ಕಾಳಿನಂತಹ ಕಂದು ಉಂಡೆಗಳೂ ಕಂಡರೆ ಅದು ಸ್ಕ್ಲೆರೋಶಿಯಂ ಎಂಬ ಶಿಲೀಂಧ್ರ ತರುವ ಬುಡಕೊಳೆ.

ಬುಡ ಶುದ್ಧವಾಗಿದ್ದರೆ ಬಾಡಿದ ಗಿಡವನ್ನು ಕಿತ್ತು, ಬುಡದ ಹತ್ತಿರದ ಕಾಂಡದಿಂದ ಮೂರು ಬೆರಳಗಲದ ತುಂಡನ್ನು ಚಾಕುವಿನಿಂದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರನ್ನು ತುಂಬಿ, ತುಂಡಿನ ಒಂದು ತುದಿ ಮಾತ್ರ ನೀರಿಗೆ ತಾಗುವಂತೆ ದಾರದಿಂದ ಇಳಿಬಿಟ್ಟು ಅಲುಗಿಸದೆ ಕಾದು ನೋಡಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂತಹ ಬಿಳಿಯ ಎಳೆಗಳು ಕೆಳಕ್ಕೆ ಇಳಿಯತೊಡಗಿದರೆ ರೋಗ ನಿಶ್ಚಿತವಾದಂತೆ. ಆ ಎಳೆಗಳೆಂದರೆ ಕೋಟ್ಯಂತರ ದುಂಡಾಣುಗಳು ಮತ್ತು ಅವುಗಳ ಲೋಳೆ. ಇದು ದುಂಡಾಣು ಸೊರಗು ರೋಗ. ಇದನ್ನು ತರುವ ಜೀವಿಯನ್ನು ಅಮೆರಿಕದ ಅರ್ವಿನ್ ಸ್ಮಿತ್ ೧೮೯೬ರಲ್ಲಿ ವರ್ಣಿಸಿದ. ಇಂದು ಅದರ ಹೆಸರು ರಾಲ್‌ಸ್ಟೋನಿಯ ಸೊಲನೇಸಿಯೇರಮ್. ಮಣ್ಣಿನಲ್ಲಿ ವಾಸಿಸುವ ಈ ಜೀವಿ ಬೇರಿನ ಗಾಯಗಳ ಮೂಲಕ ಒಳಹೊಕ್ಕು ನಾಳಗಳಲ್ಲಿ ತುಂಬಿಕೊಳ್ಳುತ್ತದೆ. ಕೊಳವೆ ಕಟ್ಟಿದ ಮೇಲೆ ಬುಡಕ್ಕೆ ಎಷ್ಟು ನೀರು ಹಾಕಿದರೇನು? ಎಲೆಗಳು ಹಳದಿಯಾಗುವುದಕ್ಕೂ ಅವಕಾಶವಿಲ್ಲದೆ ಗಿಡ ಹಸಿರಾಗಿರುವಂತೆಯೇ ಸೊರಗಿ ಸಾಯುತ್ತದೆ. ತೇವವಾದ ಬೆಚ್ಚನೆಯ ಮಣ್ಣು ಈ ಜೀವಿಗೆ ಬಹು ಹಿತ. ಹಾಕಿದ ಹೆಚ್ಚಿನ ನೀರು ರೋಗವನ್ನು ಪಕ್ಕದ ಗಿಡಕ್ಕೆ ಸಾಗಿಸುವ ವಾಹನವಾಗುತ್ತದೆ. ನಮ್ಮ ಹಿತ್ತಲಿನ ನೆರೆಯ ಗಿಡಕ್ಕೆ ಒದಗಿದ ಗತಿ ಇಂತಹುದೇ ಇರಬೇಕು.

ಹಾಲಿನ ಎಳೆ ಬಾರದೆ, ಸೀಳಿದ ಕಾಂಡದಲ್ಲಿ ಸಿಪ್ಪೆಯ ಕೆಳಗೆ ಕಂದು ಗೆರೆಗಳು ಮಾತ್ರ ಕಂಡರೆ, ಮೊದಲು ಕೆಳಗಿನ ಎಲೆಗಳು, ಅದೂ ಅನೇಕವೇಳೆ ಒಂದೇ ಪಕ್ಕದವು, ಹಳದಿಯಾಗಿದ್ದರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೊರಗು. ಇದು ನಿಧಾನವಾಗಿ ಕೊಲ್ಲುತ್ತದೆ.

ನಾಲ್ಕನೆಯ ಪ್ರಶ್ನೆ: ಬೇರು ಹೇಗಿದೆ?

ಕಿತ್ತ ಗಿಡದ ಬೇರನ್ನು ನೀರಿನಲ್ಲಿ ತೊಳೆದು ನೋಡಿ. ಆರೋಗ್ಯವಂತ ಬೇರು ಬಿಳುಪಾಗಿ ನಯವಾಗಿರುತ್ತದೆ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅದು ಬೇರುಗಂಟಿನ ಜಂತುಹುಳುವಿನ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ಹುಳು ಬೇರಿನೊಳಗೆ ಸೇರಿ ಕೋಶಗಳನ್ನು ಊದಿಸಿ ನೀರಿನ ದಾರಿಯನ್ನು ಕೆಡಿಸುತ್ತದೆ. ಗಿಡ ತಿಂಗಳುಗಟ್ಟಲೆ ಕುಗ್ಗಿ, ಹಗಲು ಬಾಡಿ ರಾತ್ರಿ ಚೇತರಿಸಿಕೊಳ್ಳುತ್ತಿರುತ್ತದೆ. ಆದಕಾರಣ ‘ಬಿಸಿಲಿನ ಬಾಡು’ ಎಂದು ಬಿಟ್ಟ ಗಿಡ ದಿನದಿನಕ್ಕೆ ಕ್ಷೀಣಿಸುತ್ತಿದ್ದರೆ ಅದರ ಬೇರನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಗಣಿಯ ಮಣ್ಣಿನ ಶಂಕೆ

ಗಣಿಯೂರುಗಳಲ್ಲಿ ಗಿಡ ಸತ್ತರೆ ಕೇಳಿಬರುವ ಇನ್ನೊಂದು ಮಾತುಂಟು: ‘ಸಯನೈಡ್ ಗುಡ್ಡದ ಧೂಳು ಬಿದ್ದಿದೆ.’ ಪುಡಿಮಾಡಿದ ಬೆಣಚುಕಲ್ಲಿನಿಂದ ಸೋಡಿಯಂ ಸಯನೈಡಿನ ದುರ್ಬಲ ದ್ರಾವಣದ ಸಹಾಯದಿಂದ ಚಿನ್ನವನ್ನು ತೆಗೆದುಕೊಂಡು ಉಳಿದ ನುಣ್ಣನೆಯ ಪುಡಿಯನ್ನು ರಾಶಿ ಹಾಕಿದುದೇ ಈ ಗುಡ್ಡಗಳು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು, ಗುಡ್ಡಗಳು ಉಳಿದುವು. ಸಯನೈಡು ಬಿಸಿಲು ಗಾಳಿಗಳಿಗೆ ಸಿಕ್ಕಿ ಕಾಲಕ್ರಮದಲ್ಲಿ ಒಡೆದುಹೋಗುವಂತಹುದು. ಕಲ್ಲಿನಲ್ಲಿದ್ದ ಲೋಹದ ಅಂಶಗಳು ಹಾಗೆ ಹೋಗುವುದಿಲ್ಲ. ಆ ಪುಡಿಯಲ್ಲಿ ಗಿಡಕ್ಕೆ ಬೇಕಾದ ಕೊಳೆತ ಸೊಪ್ಪಿನ ಸತ್ತ್ವವೂ ಇಲ್ಲ. ಅದನ್ನು ಹಿತ್ತಲಿಗೂ ಕುಂಡಕ್ಕೂ ತರಲೇ ಕೂಡದು.

ಹಾಗೆಂದು ಬಾಡಿದ ಪ್ರತಿ ಗಿಡದ ಹೊಣೆಯನ್ನೂ ಗುಡ್ಡದ ಮೇಲೆ ಹೊರಿಸುವುದು ವಿಜ್ಞಾನವಲ್ಲ. ಶಂಕೆಯನ್ನು ಪರೀಕ್ಷಿಸಲು ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮಾಡಬಹುದು. ತಳದಲ್ಲಿ ತೂತಿರುವ, ಒಂದೇ ಅಳತೆಯ ಒಂಬತ್ತು ಕುಂಡಗಳನ್ನು ಮೂರು ಮೂರರಂತೆ ಮೂರು ಗುಂಪು ಮಾಡಿ. ಮೊದಲನೆಯ ಗುಂಪಿಗೆ ಗಿಡ ಸತ್ತ ಜಾಗದ ಮಣ್ಣನ್ನು ಇದ್ದಂತೆಯೇ ತುಂಬಿ. ಎರಡನೆಯದಕ್ಕೆ ಅದೇ ಮಣ್ಣನ್ನು ಒದ್ದೆಮಾಡಿ, ಅಡಿಗೆಗೆ ಮುಂದೆ ಬಳಸದ ಹಳೆಯ ಪಾತ್ರೆಯಲ್ಲಿ, ಮನೆಯ ಹೊರಗಿನ ಒಲೆಯ ಮೇಲೆ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ, ಎರಡು ವಾರ ಆರಲು ಬಿಟ್ಟು ತುಂಬಿ. ಮೂರನೆಯದಕ್ಕೆ ಬೇರೆ ಊರಿನ, ಟೊಮೇಟೊ ಬೆಳೆಯದ ಹೊಲದ ಮಣ್ಣನ್ನು ತುಂಬಿ. ಒಂದೇ ಪಾತಿಯ, ಒಂದೇ ವಯಸ್ಸಿನ ಸಸಿಗಳನ್ನು ನೆಟ್ಟು, ಒಂದೇ ಜಾಗದಲ್ಲಿಟ್ಟು, ಅಳೆದು ಒಂದೇ ಪ್ರಮಾಣದ ನೀರು ಹಾಕಿ.

ಮೂರು ಗುಂಪುಗಳೂ ಚೆನ್ನಾಗಿ ಬೆಳೆದರೆ ತಪ್ಪು ಮಣ್ಣಿನದಲ್ಲ. ಬಿಸಿಲನ್ನೋ ನೀರು ಹಾಕುವ ಕ್ರಮವನ್ನೋ ಪರಿಶೀಲಿಸಬೇಕು. ಮೊದಲನೆಯ ಗುಂಪು ಮಾತ್ರ ಸತ್ತು ಬೇಯಿಸಿದ ಮಣ್ಣಿನ ಗುಂಪು ಬದುಕಿದರೆ ಕಾರಣ ಒಂದು ಜೀವಿ. ಏಕೆಂದರೆ ಹಬೆ ಜೀವಿಗಳನ್ನು ಕೊಲ್ಲುತ್ತದೆ, ಲೋಹವನ್ನಾಗಲಿ ಲವಣವನ್ನಾಗಲಿ ತೆಗೆಯಲಾರದು. ಮೊದಲನೆಯ ಮತ್ತು ಎರಡನೆಯ ಗುಂಪುಗಳೆರಡೂ ಸೊರಗಿ ಮೂರನೆಯದು ಮಾತ್ರ ಬೆಳೆದರೆ ಆಗ ಮಣ್ಣಿನ ರಾಸಾಯನಿಕ ದೋಷವನ್ನು ಶಂಕಿಸುವುದಕ್ಕೆ ಆಧಾರ ದೊರೆಯಿತು. ಆದರೆ ಒಂದು ಎಚ್ಚರಿಕೆ: ಈ ಪ್ರಯೋಗ ಗಿಡ ಏಕೆ ಬಾಡಿತೆಂಬುದನ್ನು ಹೇಳುತ್ತದೆಯೇ ಹೊರತು ಹಣ್ಣು ತಿನ್ನಲು ಯೋಗ್ಯವೇ ಎಂಬುದನ್ನು ಹೇಳುವುದಿಲ್ಲ. ಆರೋಗ್ಯವಾಗಿ ಕಾಣುವ ಗಿಡದ ಹಣ್ಣಿನಲ್ಲಿಯೂ ಲೋಹಾಂಶವಿರಬಹುದು. ಗುಡ್ಡದ ಮಗ್ಗುಲಲ್ಲಿಯೇ ಹಿತ್ತಲಿರುವವರು ಮಣ್ಣನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುವುದು ಉಚಿತ.

ಪರಿಹಾರಗಳು

ಕಾರಣ ತಿಳಿದ ಮೇಲೆ ಪರಿಹಾರ ಅದಕ್ಕೆ ತಕ್ಕಂತೆ ನಡೆಯಬೇಕು. ಬಿಸಿಲಿನಿಂದ ಬಾಡುವ ಗಿಡಕ್ಕೆ ಒಣಹುಲ್ಲು ಅಥವಾ ತರಗೆಲೆಯ ಹೊದಿಕೆಯನ್ನು ಬುಡಕ್ಕೆ ಹಾಸಿ, ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಗರಿಯ ತೆಳುವಾದ ನೆರಳು ಮಾಡಬಹುದು. ಕುಂಡವನ್ನು ಕಾದ ತಾರಸಿಯ ಮೇಲೆ ನೇರವಾಗಿ ಇಡದೆ ಇಟ್ಟಿಗೆಗಳ ಮೇಲಿಟ್ಟರೆ ಬೇರಿಗೆ ತಟ್ಟುವ ಕಾವು ಕಡಮೆಯಾಗುತ್ತದೆ. ಕೆಸರಿನ ಗಿಡಕ್ಕೆ ನೀರು ಹರಿದುಹೋಗುವ ದಾರಿ ಬೇಕು.

ಸೊರಗು ರೋಗ ಹಿಡಿದ ಗಿಡವನ್ನು ಬದುಕಿಸುವ ಔಷಧವಿಲ್ಲ. ಅದನ್ನು ಬೇರುಸಹಿತ ಕಿತ್ತು ಸುಡಬೇಕು, ಗೊಬ್ಬರದ ಗುಂಡಿಗೆ ಎಸೆಯಬಾರದು. ಚಾಕುವನ್ನೂ ಗುದ್ದಲಿಯನ್ನೂ ತೊಳೆಯಬೇಕು. ಆ ಜಾಗದಲ್ಲಿ ಟೊಮೇಟೊ ಮಾತ್ರವಲ್ಲ, ಅದರ ದಾಯಾದಿಗಳಾದ ಬದನೆ, ಮೆಣಸಿನಕಾಯಿ, ಆಲೂಗೆಡ್ಡೆಗಳನ್ನೂ ಕೆಲವು ವರ್ಷ ಬೆಳೆಯಬಾರದು. ರಾಗಿ, ಮುಸುಕಿನ ಜೋಳಗಳನ್ನು ಹಾಕಬಹುದು. ಬೇರುಗಂಟಿನ ಹುಳುವಿರುವ ಕಡೆ ಚೆಂಡುಹೂವಿನ ಗಿಡವೂ ಬೇವಿನ ಹಿಂಡಿಯೂ ಉಪಯುಕ್ತ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿರುವ ‘ಅರ್ಕಾ ರಕ್ಷಕ್’ ಎಂಬ ಸಂಕರ ತಳಿ ದುಂಡಾಣು ಸೊರಗನ್ನೂ ಎಲೆಮುರುಟಿನ ನಂಜನ್ನೂ ಮೊದಲ ಅಂಗಮಾರಿಯನ್ನೂ ತಡೆದುಕೊಳ್ಳಬಲ್ಲದು. ರೋಗ ತಡೆಯುವ ಬದನೆಯ ಬೇರುಗಿಡದ ಮೇಲೆ ಟೊಮೇಟೊ ಕಸಿಮಾಡುವ ಪದ್ಧತಿಯೂ ರೂಢಿಯಲ್ಲಿದೆ. ಸಂದೇಹವಿದ್ದವರು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ರೋಗದ ಗಿಡವನ್ನು ಬೇರುಸಹಿತ ಒಯ್ದು ಕೇಳಬಹುದು.

ಹಿತ್ತಲಿನ ಎಂಟು ಗಿಡಗಳ ಮಾತಿನಿಂದ ಆರಂಭಿಸಿದೆವು. ನಮ್ಮ ಸುತ್ತಣ ಹೊಲಗಳಲ್ಲಿ ಇದೇ ಬೆಳೆಯನ್ನು ನಂಬಿ ಬದುಕುವ ರೈತರ ಸಂಖ್ಯೆ ಬಹಳ; ಕೋಲಾರದ ಟೊಮೇಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಯೂ ಬಾಡಿದ ಗಿಡದ ಮುಂದೆ ನಿಲ್ಲುವವನಿಗೆ ಏಳುವ ಪ್ರಶ್ನೆ ಇದೇ. ಬರುವ ಬೇಸಗೆಯಲ್ಲಿ ಗಿಡ ಜೋತುಬಿದ್ದುದನ್ನು ಕಂಡಾಗ ಚೊಂಬಿಗೆ ಕೈಹಾಕುವ ಮೊದಲು ಗಡಿಯಾರವನ್ನು ನೋಡಿ, ಮಣ್ಣನ್ನು ಮುಟ್ಟಿ, ಮರುದಿನ ಸೂರ್ಯೋದಯಕ್ಕೆ ಮತ್ತೆ ಬನ್ನಿ. ಕಂಡುದನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಬೇಸಗೆಯ ಬರವಣಿಗೆ ಮುಂದಿನ ಬೇಸಗೆಯ ಗಿಡಗಳನ್ನು ಉಳಿಸೀತು.